ಎಂಜಿನ್ ಆಫ್ ಮಾಡು ಪುಟ್ಟಿ

ಬಣಕಲ್, ಮೂಡಿಗೆರೆ ತಾಲ್ಲೂಕು
ನವೆಂಬರ್ 28

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಕಾಗದ ಸೋಮವಾರ ಬಂತು. ಫೋನ್ ಇಟ್ಟುಕೊಂಡೂ ಕಾಗದ ಬರೆಯುವವರು ನಮ್ಮ ಮನೆತನದಲ್ಲಿ ಈಗ ನಾವಿಬ್ಬರೇ. ಇಲ್ಲಿ ಅರೇಬಿಕಾ ಕುಯ್ಲು ಶುರುವಾಗಿದೆ. ಕಣದ ತುಂಬ ಕಾಫಿ ಹರಡಿದೆ, ಮೇಲೆ ನೋಡಿದರೆ ಮೋಡ. ದಿನಕ್ಕೆರಡು ಸಲ ಟಾರ್ಪಾಲು ಹೊದಿಸು, ತೆಗೆ, ಮತ್ತೆ ಹೊದಿಸು. ಅದರ ಮಧ್ಯೆಯೇ ನಿನ್ನ ಕಾಗದ ಮೂರು ಸಲ ಓದಿದೆ.

ವ್ಯಾನನ್ನೇ ಮನೆ ಮಾಡಿಕೊಂಡು ನೀನು ಯಾಕೆ ಹೊರಟೆ, ಮನೆಯಲ್ಲಿ ಯಾರು ಏನಂದರು, ಅದೆಲ್ಲ ಬೇಡ. ಆಗಿಹೋದ ಮಾತು. ನನ್ನ ನಿದ್ದೆ ಕೆಡಿಸಿದ್ದು ಕೊನೆಯಲ್ಲಿ ನೀನು ತಮಾಷೆಗೆ ಅಂತ ಬರೆದ ಸಾಲು. "ಈಗೀಗ ಅಂಗಡಿಗೆ ಹೋದರೂ ಎಂಜಿನ್ ಆಫ್ ಮಾಡಲ್ಲ ದೊಡ್ಡಪ್ಪ, ಮತ್ತೆ ಸ್ಟಾರ್ಟ್ ಆಗದಿದ್ರೆ ಅಂತ ಭಯ. ನಗು ಬರುತ್ತೆ ಅಲ್ವಾ?"

ನನಗೆ ನಗು ಬರಲಿಲ್ಲ.

ನೀನು ಬರೆದ ಮಿಕ್ಕ ರಿಪೇರಿಗಳಿಗೆ ನಾನು ಹೆದರುವುದಿಲ್ಲ. ಚಾವಣಿಯ ಫ್ಯಾನಿನ ಸುತ್ತ ಸೋರಿ ಹಾಸಿಗೆ ನೆಂದಿತು ಅಂದಿದ್ದೀಯ. ಸೋರದ ಮನೆ ಮಲೆನಾಡಿನಲ್ಲಿ ಎಲ್ಲಿದೆ ಹೇಳು. ಆಷಾಢದಲ್ಲಿ ಅಡುಗೆಮನೆಯ ಪಾತ್ರೆಗಳೆಲ್ಲ ನಡುಮನೆಗೆ ಬಂದು ಹೆಂಚಿನ ಕೆಳಗೆ ಕೂರುತ್ತಿದ್ದುದು ನಿನಗೂ ನೆನಪಿರಬೇಕು. ಹಳೇ ಸೀಲೆಂಟ್ ಪೂರ್ತಿ ಕೆರೆದು ತೆಗೆ, ಚೆನ್ನಾಗಿ ಒಣಗಲಿ, ಆಮೇಲೆ ಹೊಸದು ಹಾಕು. ಹಳೆಯದರ ಮೇಲೇ ಬಳಿದರೆ ನಿಲ್ಲುವುದಿಲ್ಲ. ನೀರಿನ ಪಂಪು ಕೆಟ್ಟರೆ ಬಕೆಟ್ ಇದೆ. ಫ್ರಿಜ್ ಕೆಟ್ಟರೆ ಹಾಲು ಕಾಯಿಸಿ ಕುಡಿ. ಇವೆಲ್ಲ ಮನೆ ತಾಪತ್ರಯ. ಮನೆ ಗಾಲಿಯ ಮೇಲಿದ್ದರೂ ತಾಪತ್ರಯ ಅದೇ.

ಎಂಜಿನ್ ಆಫ್ ಮಾಡದೇ ಇರುವುದು ಬೇರೆ ಜಾತಿಯದು.

ಒಂದು ಕೇಳುತ್ತೇನೆ. ಡೀಸೆಲ್ ಹಾಕಿಸುವಾಗ ಏನು ಮಾಡುತ್ತೀಯ? ಬಂಕಿನಲ್ಲಿ ಆಫ್ ಮಾಡಲೇಬೇಕಲ್ಲ. ಅದನ್ನು ನೀನು ಬರೆದಿಲ್ಲ. ನಾನು ಏನು ಮಾಡುತ್ತಿದ್ದೆ ಗೊತ್ತಾ? ಬಂಕಿಗಿಂತ ಹಿಂದೆಯೇ, ದಿಬ್ಬದ ಮೇಲೆ ಜೀಪು ನಿಲ್ಲಿಸಿ, ಕ್ಯಾನ್ ಹಿಡಿದು ನಡೆದು ಹೋಗುತ್ತಿದ್ದೆ. ಬಂಕಿನ ಹುಡುಗರು ಕೇಳಿದರೆ "ತೋಟದ ಪಂಪ್‌ಸೆಟ್ಟಿಗೆ" ಅನ್ನುತ್ತಿದ್ದೆ.

ಹೌದು, ನಾನೂ ಹಾಗೇ ಇದ್ದೆ. ಮನೆಯಲ್ಲಿ ಯಾರಿಗೂ ಇದನ್ನು ಹೇಳಿಲ್ಲ. ನಿಮ್ಮ ದೊಡ್ಡಮ್ಮನಿಗೂ ಹೇಳಿಲ್ಲ.

ಆ ಜೀಪನ್ನು ನೀನು ಫೋಟೊದಲ್ಲಿ ನೋಡಿದ್ದೀಯ. 1987ರಲ್ಲಿ ತಗೊಂಡ ಸೆಕೆಂಡ್ ಹ್ಯಾಂಡ್ ಡೀಸೆಲ್ ಜೀಪು. ಬ್ಯಾಂಕ್ ಸಾಲಕ್ಕೆ ಜಾಮೀನು ನಿಂತವನು ನಿಮ್ಮಪ್ಪ. ಸಹಿ ಹಾಕುವಾಗ "ಅಣ್ಣಾ, ಗಾಡಿ ಅಂದ್ರೆ ಆನೆ ಸಾಕಿದ ಹಾಗೆ, ನೋಡ್ಕೋ" ಅಂದ. ಅಷ್ಟೇ ಅಂದಿದ್ದು. ಆ ಮಳೆಗಾಲದಲ್ಲೇ ಒಂದು ಬೆಳಗ್ಗೆ ಕೀ ತಿರುಗಿಸಿದರೆ ಟಕ್ ಅಂತು. ಅಷ್ಟೇ, ಮುಂದಕ್ಕಿಲ್ಲ. ಇನ್ನೊಂದು ಸಲ ತಿರುಗಿಸಿದೆ, ಹಿಡಿಯಿತು. ಆಮೇಲೆ ಅದೇ ಆಟ. ಕೆಲವು ದಿನ ಮೊದಲ ಸಲಕ್ಕೇ ಗುರ್ ಅನ್ನುವುದು, ಕೆಲವು ದಿನ ದೇವರಿಗೆ ಹರಕೆ ಹೊತ್ತರೂ ಇಲ್ಲ. ಪೂರ್ತಿ ಕೆಟ್ಟಿದ್ದರೆ ಎಷ್ಟೋ ವಾಸಿಯಿತ್ತು. ಪೂರ್ತಿ ಕೆಟ್ಟ ಗಾಡಿಯನ್ನು ಎಳೆದುಕೊಂಡು ಗ್ಯಾರೇಜಿಗೆ ಹೋಗುತ್ತೇವೆ. ಅರ್ಧ ಕೆಟ್ಟದ್ದರ ಜೊತೆ ಸಂಸಾರ ಮಾಡಿಕೊಂಡು ಇದ್ದುಬಿಡುತ್ತೇವೆ.

ಗ್ಯಾರೇಜಿಗೆ ಯಾಕೆ ಹೋಗಲಿಲ್ಲ ಅಂತೀಯ? ಮೇಸ್ತ್ರಿ ಬಾನೆಟ್ ಎತ್ತಿ ಏನು ಹೇಳಿಬಿಡುತ್ತಾನೋ ಅಂತ. ಸ್ಟಾರ್ಟರ್ ಹೋಗಿದೆ ಅನ್ನಬಹುದು, ಫ್ಲೈವೀಲ್ ಹಲ್ಲು ಸವೆದಿದೆ, ಎಂಜಿನ್ ಇಳಿಸಬೇಕು ಅನ್ನಬಹುದು. ಕಂತು ಕಟ್ಟುವುದೇ ಕಷ್ಟವಾಗಿದ್ದ ಕಾಲ. ಹೇಳಿಸಿಕೊಳ್ಳದೇ ಇದ್ದರೆ ಖರ್ಚೂ ಇಲ್ಲ ಅನ್ನುವ ಹಾಗೆ ಇದ್ದೆ. ಹೊಟ್ಟೆನೋವು ಬಂದವನು ಡಾಕ್ಟರ ಮನೆ ರಸ್ತೆ ಬಿಟ್ಟು ಬೇರೆ ರಸ್ತೆಯಲ್ಲಿ ಓಡಾಡಿದ ಹಾಗೆ.

ಅಲ್ಲಿಂದ ನನಗೆ ಊರೆಲ್ಲ ಇಳಿಜಾರಾಗಿ ಕಾಣಲು ಶುರುವಾಯಿತು. ಬಣಕಲ್‌ನಲ್ಲಿ ಎಲ್ಲಿ ನಿಲ್ಲಿಸಿದರೆ ಉರುಳುತ್ತದೆ, ಕೊಟ್ಟಿಗೆಹಾರದಲ್ಲಿ ಯಾವ ಹೋಟೆಲಿನ ಮುಂದೆ, ಮೂಡಿಗೆರೆ ಸಂತೆಯಲ್ಲಿ ಯಾವ ಮರದ ಕೆಳಗೆ, ಎಲ್ಲ ಬಾಯಿಪಾಠ. ಸಂತೆಗೆ ಎಲ್ಲರಿಗಿಂತ ಮೊದಲು ಹೋಗಿ ಆ ಜಾಗ ಹಿಡಿಯುತ್ತಿದ್ದೆ. ಹೊರಡುವಾಗ ಎರಡನೇ ಗೇರಿಗೆ ಹಾಕಿ, ಕ್ಲಚ್ ಒತ್ತಿ, ಹ್ಯಾಂಡ್‌ಬ್ರೇಕ್ ಬಿಡುವುದು. ನಾಲ್ಕು ಮಾರು ಉರುಳಿದ ಮೇಲೆ ಕ್ಲಚ್ ಬಿಟ್ಟರೆ ಜೀಪು ಒಮ್ಮೆ ಮುಗ್ಗರಿಸಿ ಎಂಜಿನ್ ಹಿಡಿಯುತ್ತಿತ್ತು. ಮಲೆನಾಡಿನಲ್ಲಿ ಇಳಿಜಾರಿಗೇನು ಬರ? ಕಷ್ಟ ಬಂದಿದ್ದು ಕಡೂರಿನ ಕಡೆ. ಅದು ಬಯಲುಸೀಮೆ, ನೆಲ ಮಟ್ಟಸ. ಆ ಕಡೆಯಿಂದ ಮದುವೆ ದಿಬ್ಬಣಕ್ಕೆ ಒಳ್ಳೇ ಬಾಡಿಗೆ ಬರುತ್ತಿತ್ತು, ಆಗಲ್ಲ ಅಂತಿದ್ದೆ. ಸೊಕ್ಕು ಬಂದಿದೆ ಇವನಿಗೆ ಅಂದರು ಜನ. ಸೊಕ್ಕಲ್ಲ ಪುಟ್ಟಿ, ಅಲ್ಲಿ ಇಳಿಜಾರು ಇರಲಿಲ್ಲ.

ನೀನೀಗ ಇರುವ ಮರವಂತೆಯೂ ಹಾಗೇ ಅಲ್ವಾ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ಹೊಳೆ, ನಡುವೆ ಹೆದ್ದಾರಿ ತಟ್ಟೆಯ ಹಾಗೆ. ನನಗೆ ಇಳಿಜಾರು ಸಿಗುತ್ತಿತ್ತು. ನಿನಗೆ ಅದೂ ಇಲ್ಲ, ಅದಕ್ಕೇ ಎಂಜಿನ್ ಓಡಿಸಿಟ್ಟು ಇಳಿಯುತ್ತೀಯ. ಕೀ ಗಾಡಿಯಲ್ಲೇ. ನಿನ್ನ ಲ್ಯಾಪ್‌ಟಾಪು, ಬಟ್ಟೆ, ಒಲೆ, ಹಾಸಿಗೆ ಎಲ್ಲ ಅದರೊಳಗೇ. ಯಾರಾದರೂ ಹತ್ತಿ ಹೊರಟರೆ ಉಟ್ಟ ಬಟ್ಟೆಯಲ್ಲಿ, ಕೈಯಲ್ಲೊಂದು ಕೊತ್ತಂಬರಿ ಕಟ್ಟು ಹಿಡಿದು ಅಂಗಡಿ ಮುಂದೆ ನಿಂತಿರುತ್ತೀಯ. ರಾತ್ರಿ ಇದನ್ನೇ ನೆನೆಸಿಕೊಂಡು ಎದ್ದು ಕೂತೆ.

ಆಮೇಲೆ ಅದಕ್ಕಿಂತ ಕೆಟ್ಟದ್ದು ತಲೆಗೆ ಬಂತು. ರಾತ್ರಿಯೂ ಓಡಿಸಿಟ್ಟು ಮಲಗುತ್ತೀಯೇನೋ ಅಂತ. ಹಾಗೆ ಮಾತ್ರ ಮಾಡಬೇಡ. ಸೈಲೆನ್ಸರಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಗಾಳಿ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ನೆಲದ ಸಂದಿಯಲ್ಲಿ ಒಳಗೆ ಬಂದರೆ ಮಲಗಿದವರಿಗೆ ಗೊತ್ತೇ ಆಗುವುದಿಲ್ಲ. ನೀನು ಹಾಗೆ ಮಾಡುತ್ತಿಲ್ಲ ಅಂದರೆ ದೊಡ್ಡಪ್ಪ ಏನೇನೋ ಬರೀತಾನೆ ಅಂತ ನಕ್ಕುಬಿಡು. ಮಾಡುತ್ತಿದ್ದರೆ ಈ ಕಾಗದ ಇಲ್ಲಿಗೇ ಮಡಚಿಟ್ಟು ಮೊದಲು ಹೋಗಿ ಆಫ್ ಮಾಡಿ ಬಾ.

ಮುಂದಿನದನ್ನು ಬರೆಯಲೋ ಬೇಡವೋ ಅಂತ ಎರಡು ದಿನ ಯೋಚನೆ ಮಾಡಿದೆ.

1988ರ ಜುಲೈ. ನಿಮ್ಮಜ್ಜಿಗೆ ಹೊಟ್ಟೆ ಆಪರೇಷನ್ ಅಂತ ಚಿಕ್ಕಮಗಳೂರಿಗೆ ಕರೆದುಕೊಂಡು ಹೋಗಿ ಸೇರಿಸಬೇಕಿತ್ತು. ನಿಮ್ಮಪ್ಪ ಊರಲ್ಲಿರಲಿಲ್ಲ. ಆ ಮಳೆಯಲ್ಲಿ ಹೋಗುವುದಕ್ಕೇ ಎರಡು ಗಂಟೆ ಹಿಡಿಯಿತು. ಆಸ್ಪತ್ರೆಯ ಮುಂದೆ ನಿಲ್ಲಿಸಿ ಸುತ್ತ ನೋಡಿದೆ. ನೆಲ ಮಟ್ಟಸ. ಎಂಜಿನ್ ಓಡುತ್ತಲೇ ಇತ್ತು. "ಅವ್ವಾ, ನೀನು ಇಳಿ. ಗಾಡಿ ಒಂದು ಕಡೆ ಹಾಕಿ ಬರ್ತೀನಿ" ಅಂದೆ.

ಅವ್ವ ಇಳಿದಳು. ಒಂದು ಕೈಯಲ್ಲಿ ಬಟ್ಟೆ ಚೀಲ, ಒಂದು ಕೈಯಲ್ಲಿ ಕೊಡೆ, ಕಂಕುಳಲ್ಲಿ ಫ್ಲಾಸ್ಕು. ಮೆಟ್ಟಿಲ ಹತ್ತಿರ ಕೊಡೆ ಮಡಚಲು ಆಗಲಿಲ್ಲ. ಚೀಲ ಕೆಳಗಿಟ್ಟಳು. ಅದು ನೆನೆಯುತ್ತದೆ ಅಂತ ಮತ್ತೆ ಎತ್ತಿ ಒಂದು ಮೆಟ್ಟಿಲು ಮೇಲಿಟ್ಟಳು. ಕೊಡೆ ಮಡಚಿ, ನೀರು ಕೊಡವಿ, ಚೀಲ ಎತ್ತಿಕೊಂಡು ಒಳಗೆ ಹೋದಳು. ಹತ್ತು ಹೆಜ್ಜೆ ದೂರದಲ್ಲಿ ನಾನು ಸ್ಟೇರಿಂಗ್ ಹಿಡಿದು ಕೂತು, ವೈಪರು ಆ ಕಡೆ ಈ ಕಡೆ ಹೋಗುವ ಮಧ್ಯೆ ಇದನ್ನೆಲ್ಲ ನೋಡುತ್ತಿದ್ದೆ.

ಇಳಿಜಾರು ಹುಡುಕಿಕೊಂಡು ಊರೆಲ್ಲ ಸುತ್ತಿದೆ. ಸಿಕ್ಕಿದ್ದು ಒಂದು ಕಿಲೋಮೀಟರ್ ಆಚೆ. ನೆನೆದುಕೊಂಡು ವಾಪಸ್ ನಡೆದು ಬರುವಷ್ಟರಲ್ಲಿ ಅವ್ವನನ್ನು ವಾರ್ಡಿಗೆ ಸೇರಿಸಿ ಆಗಿತ್ತು. ಫಾರಂಗೆ ಮಗ ಸಹಿ ಮಾಡಬೇಕಿತ್ತು, ಅವಳೇ ಹೆಬ್ಬೆಟ್ಟು ಒತ್ತಿದ್ದಳು. ಬೆರಳಿನ ಮಸಿ ಇನ್ನೂ ಹಾಗೇ ಇತ್ತು, ಸೆರಗಿಗೆ ತಾಗದಿರಲಿ ಅಂತ ಕೈ ದೂರ ಹಿಡಿದುಕೊಂಡು ಕೂತಿದ್ದಳು. ನನ್ನನ್ನು ನೋಡಿ ಕೇಳಿದ್ದು ಒಂದೇ. "ಗಾಡಿಗೆ ಜಾಗ ಸಿಕ್ತಾ ಮಗಾ?"

ಆಪರೇಷನ್ ಚೆನ್ನಾಗೇ ಆಯಿತು. ಆಮೇಲೆ 16 ವರ್ಷ ಬದುಕಿದಳು, ನಿನ್ನನ್ನೂ ಎತ್ತಿ ಆಡಿಸಿದಳು. ಆ ದಿನದ್ದು ಅವಳು ಮರೆತೇ ಬಿಟ್ಟಿರಬಹುದು. ನಾನು ಕೇಳಲಿಲ್ಲ, ಅವಳು ಎತ್ತಲಿಲ್ಲ.

ಜೀಪು ಸರಿಹೋದ ಕಥೆಯನ್ನೂ ಹೇಳಿಬಿಡುತ್ತೇನೆ. ಅದೇ ವರ್ಷ ದೀಪಾವಳಿ ಕಳೆದ ಮೇಲೆ. ಕೊಟ್ಟಿಗೆಹಾರದಲ್ಲಿ ನನ್ನ ಇಳಿಜಾರಿನ ಜಾಗದಲ್ಲಿ ಲಾರಿ ನಿಂತಿತ್ತು. ಮಟ್ಟಸ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಓಡಿಸಿಟ್ಟು, ಕಿಟಕಿ ಪಕ್ಕದ ಟೇಬಲ್ಲಿನಲ್ಲಿ ನೀರುದೋಸೆ ತಿನ್ನುತ್ತಿದ್ದೆ. ಆ ಲಾರಿಯ ಕೆಲಸಕ್ಕೆ ಬಂದಿದ್ದ ಮೇಸ್ತ್ರಿ ಒಬ್ಬ ಎದುರಿಗೇ ಚಾ ಕುಡಿಯುತ್ತಿದ್ದ. "ಏನ್ ಗೌಡ್ರೇ, ಡೀಸೆಲ್ ಪುಕ್ಕಟೆ ಬರುತ್ತಾ?" ಅಂದ. ನಾನು ಏನೋ ಹಾರಿಕೆ ಉತ್ತರ ಕೊಟ್ಟೆ. ಅವನು ಎದ್ದು ಹೋಗಿ ಜೀಪಿನ ಸ್ಟಾಪ್ ನಾಬ್ ಎಳೆದೇ ಬಿಟ್ಟ. ಎಂಜಿನ್ ನಿಂತಿತು. ನನ್ನ ಎದೆಯೇ ನಿಂತ ಹಾಗಾಯಿತು.

ಕೀ ತಿರುಗಿಸಿ ಅಂದ. ಟಕ್. ಹಾರ್ನ್ ಹೊಡೀರಿ ಅಂದ. ಚೆನ್ನಾಗೇ ಬಡಿಯಿತು. ಲೈಟು? ಜೋರಾಗೇ ಉರಿಯಿತು. ಹಾಗಾದರೆ ಬ್ಯಾಟರಿ ಅಲ್ಲ ಅಂತ ಲಾರಿಯಿಂದ ಒಂದು ದಪ್ಪ ಕೇಬಲ್ ತಂದ. ಒಂದು ತುದಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ತುದಿ ಎಂಜಿನ್ನಿನ ಬರೀ ಕಬ್ಬಿಣಕ್ಕೆ ಕಚ್ಚಿಸಿದ. "ಈಗ ತಿರುಗಿಸಿ." ಒಂದೇ ಸಲಕ್ಕೆ ಗುರ್ ಅಂತ ಹಿಡಿಯಿತು.

ಕೆಳಗೆ ನುಗ್ಗಿ ಒಂದು ಪಟ್ಟಿ ಬಿಚ್ಚಿ ತಂದು ನನ್ನ ಅಂಗೈಯಲ್ಲಿಟ್ಟ. ಜಡೆ ಹೆಣೆದ ಹಾಗೆ ತಾಮ್ರದ ಎಳೆಗಳು, ಗೇಣುದ್ದ. ಹಸಿರು ಕಿಲುಬು ಹಿಡಿದು, ನಾಲ್ಕೈದು ಎಳೆ ಬಿಟ್ಟು ಮಿಕ್ಕಿದ್ದೆಲ್ಲ ಪುಡಿ. ಅರ್ಥಿಂಗ್ ಪಟ್ಟಿ ಅಂದ. ಎಂಜಿನ್ ರಬ್ಬರಿನ ಮೇಲೆ ಕೂತಿರುತ್ತದೆ, ಸ್ಟಾರ್ಟರಿಗೆ ಹೋದ ಕರೆಂಟು ವಾಪಸ್ ಬ್ಯಾಟರಿಗೆ ಬರುವುದಕ್ಕೆ ಈ ಪಟ್ಟಿಯೇ ಸೇತುವೆ. ಹಾರ್ನು, ಲೈಟಿಗೆ ಈ ಸೇತುವೆ ಬೇಡ, ಅವುಗಳ ದಾರಿ ಬೇರೆ. ಸ್ಟಾರ್ಟರಿಗೆ ಮಳೆಗಾಲದ ಹೊಳೆಯಷ್ಟು ಕರೆಂಟು ಬೇಕು, ಅದು ನಾಲ್ಕು ಎಳೆಯಲ್ಲಿ ಹೇಗೆ ದಾಟಬೇಕು? ಹೊಸ ಪಟ್ಟಿ, ಅವನ ಕೂಲಿ, ಎಲ್ಲ ಸೇರಿ 25 ರೂಪಾಯಿ ಆಯಿತು. ದೋಸೆ ಆರಿಹೋಗಿತ್ತು.

ನಿಮ್ಮಪ್ಪನಿಗೆ ಏನು ಹೇಳಿದೆ ಗೊತ್ತಾ? ಸ್ಟಾರ್ಟರ್ ಹೋಗಿತ್ತು, ಹಾಕಿಸಿದೆ, 800 ಆಯ್ತು ಅಂದೆ. ವರ್ಷದ ಮೇಲೆ 25 ರೂಪಾಯಿಯ ಪಟ್ಟಿಗೆ ಹೆದರಿ ಬದುಕಿದೆ ಅನ್ನಲು ಬಾಯಿ ಬರಲಿಲ್ಲ. ಅವನು ಪಾಪ, ಕೇಳದೇನೇ ಅರ್ಧ ತಂದು ಕೊಟ್ಟ. ನಾನು ತಗೊಂಡೆ. ಈ ಕಾಗದ ಅವನಿಗೆ ತೋರಿಸಬೇಡ. ತೋರಿಸಿದರೂ ತೋರಿಸು, ನನಗೇ ತಿಳಿಯುತ್ತಿಲ್ಲ.

ನಿನ್ನ ವ್ಯಾನಿಗೂ ಇದೇ ಆಗಿದೆ ಅಂತ ನಾನು ಹೇಳುತ್ತಿಲ್ಲ. ನಿಜವಾಗಿ ಸ್ಟಾರ್ಟರೇ ಹೋಗಿರಬಹುದು, ದೊಡ್ಡ ಖರ್ಚೇ ಬರಬಹುದು. ಈಗಿನ ಗಾಡಿಗಳಲ್ಲಿ ಕಂಪ್ಯೂಟರ್ ಇರುತ್ತದೆ, ನನ್ನ ವಿದ್ಯೆ ಹಳೆಯದು. ಆದರೂ ಕೀ ತಿರುಗಿಸಿದಾಗ ಏನು ಕೇಳುತ್ತದೆ ಅಂತ ನೀನು ಬರೆಯಲೇ ಇಲ್ಲ. ಒಂದೇ ಸಲ ಟಕ್ ಅಂದು ಸುಮ್ಮನಾದರೆ ಸ್ಟಾರ್ಟರ್ ಇರಬಹುದು, ಸಡಿಲ ಅಥವಾ ಕಿಲುಬು ಹಿಡಿದ ವೈರ್ ಇರಬಹುದು. ಟಕಟಕಟಕ ಅಂತ ಬಡಿದುಕೊಂಡರೆ ಹೆಚ್ಚಾಗಿ ಬ್ಯಾಟರಿಯಲ್ಲಿ ಚಾರ್ಜ್ ಇಲ್ಲ. ಭಯದಲ್ಲಿ ಕಿವಿ ಕೇಳುವುದಿಲ್ಲ, ನನಗೆ ಗೊತ್ತು. ಯಾರನ್ನಾದರೂ ಪಕ್ಕದಲ್ಲಿ ನಿಲ್ಲಿಸಿಕೊಂಡು ಕೇಳಿಸಿಕೋ.

ವೋಲ್ಟ್ ಅಳೆಯುವ ಒಂದು ಮಲ್ಟಿಮೀಟರ್ ತಗೋ. ಆನೆ ಬೇಲಿಯ ಬ್ಯಾಟರಿ ನೋಡಲು ನನ್ನ ಹತ್ತಿರವೂ ಒಂದಿದೆ, ಕೆಲವೇ ನೂರು ರೂಪಾಯಿ. ರಾತ್ರಿಯೆಲ್ಲ ನಿಂತ ಗಾಡಿಯ ಬ್ಯಾಟರಿ ಬೆಳಗ್ಗೆ 12.6 ವೋಲ್ಟ್ ತೋರಿಸಿದರೆ ತುಂಬಿದೆ. 12ರ ಹತ್ತಿರ ಇದ್ದರೆ ಹೆಚ್ಚುಕಮ್ಮಿ ಖಾಲಿ. ಎಂಜಿನ್ ಓಡುವಾಗ 14ರ ಆಸುಪಾಸು ಇರಬೇಕು, ಇಲ್ಲದಿದ್ದರೆ ಬ್ಯಾಟರಿಗೆ ಚಾರ್ಜ್ ಕೊಡುವ ಆಲ್ಟರ್ನೇಟರ್ ಕಡೆ ನೋಡಬೇಕು. ನಿನ್ನದರಲ್ಲಿ ಎರಡು ಬ್ಯಾಟರಿ ಅಲ್ವಾ, ಎಂಜಿನ್ನಿಗೊಂದು, ಫ್ರಿಜ್ಜು ಫ್ಯಾನಿಗೊಂದು. ಎರಡನ್ನೂ ಬೇರೆ ಮಾಡುವ ರಿಲೇ ಅಂಟಿಕೊಂಡರೆ ರಾತ್ರಿ ನಿನ್ನ ಫ್ರಿಜ್ಜು ಎಂಜಿನ್ನಿನ ಬ್ಯಾಟರಿಯನ್ನೂ ಕುಡಿದುಬಿಡುತ್ತದೆ. ಅದನ್ನು ಗ್ಯಾರೇಜಿನವರು ನೋಡಿದರಾ? ಇಷ್ಟು ತಿಂಗಳು ಸಮುದ್ರದ ಉಪ್ಪುಗಾಳಿಯಲ್ಲಿ ಇದ್ದೀಯ. ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕೂತಿದ್ದರೆ ಬಿಚ್ಚಿ, ಬಿಸಿನೀರಲ್ಲಿ ತೊಳೆದು, ಒರೆಸಿ, ಬಿಗಿ ಮಾಡಿ ವ್ಯಾಸಲೀನ್ ಹಚ್ಚು. ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ. ಇದನ್ನು ಮರೆತು ಸ್ಪ್ಯಾನರನ್ನು ಗಾಡಿಯ ಮೈಗೆ ತಾಗಿಸಿ ಕಿಡಿ ಹಾರಿಸಿದವರಲ್ಲಿ ನಾನೂ ಒಬ್ಬ.

ಗ್ಯಾರೇಜಿನಲ್ಲಿ ಬಿಚ್ಚಿದ ಹಳೇ ಸಾಮಾನು ಕೇಳಿ ತಗೋ. ಇನ್ನೊಂದು ಮಾತು, ಒಳಗೆ ನೀನು ಮಾಡಿಸಿದ ಹಾಸಿಗೆ, ಅಡುಗೆ ಕಟ್ಟೆ ಎಲ್ಲ ಆರ್‌ಸಿಯಲ್ಲಿ ಸೇರಿದೆಯಾ? 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅದನ್ನೇ ಹೇಳುವುದು. ಸೇರಿಸದೇ ಇದ್ದರೆ ಇನ್ಶೂರೆನ್ಸಿನವರು ತಕರಾರು ತೆಗೆಯಬಹುದು. ಇದೆಲ್ಲ ನಿನಗೆ ಗೊತ್ತಿರುವುದೇ ಇರಬೇಕು. ಗಾಡಿಯ ಮಾತು ಬಂದರೆ ನನ್ನ ಬಾಯಿ ನಿಲ್ಲುವುದಿಲ್ಲ.

ಇಲ್ಲಿಗೆ ಬರುವ ಮನಸ್ಸಾದರೆ ಚಾರ್ಮಾಡಿಯನ್ನು ಹಗಲಲ್ಲೇ ಹತ್ತು. 2019ರಲ್ಲಿ ಕುಸಿದು ತಿಂಗಳುಗಟ್ಟಲೆ ಮುಚ್ಚಿದ್ದ ರಸ್ತೆ, ಮಂಜು ಬಿದ್ದರೆ ಮುಂದಿನ ಗಾಡಿಯೇ ಕಾಣುವುದಿಲ್ಲ. ಟೆಂಪರೇಚರ್ ಮುಳ್ಳು ಮೇಲೇರಿದರೆ ಅಗಲವಾದ ಜಾಗ ನೋಡಿ ನಿಲ್ಲಿಸು. ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ಮುಟ್ಟಬೇಡ. ಕೆಟ್ಟು ನಿಂತರೆ ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡು, ಹಿಂದೆ ಸ್ವಲ್ಪ ದೂರದಲ್ಲಿ ಸೊಪ್ಪಿನ ಕೊಂಬೆ ಇಡು. ಹೊರಡುವಾಗ ಚಕ್ರಕ್ಕೆ ಕೊಟ್ಟ ಕಲ್ಲು ತೆಗೆದು ಪಕ್ಕಕ್ಕೆ ಹಾಕು, ಅರ್ಧ ಜನ ಅದನ್ನು ರಸ್ತೆಯಲ್ಲೇ ಬಿಟ್ಟು ಹೋಗುತ್ತಾರೆ. ಅಣ್ಣಪ್ಪ ಸ್ವಾಮಿ ಗುಡಿ ಹತ್ತಿರ ಎಲ್ಲ ಗಾಡಿಯವರೂ ನಿಲ್ಲಿಸಿ ಕೈ ಮುಗಿಯುತ್ತಾರೆ. ನೀನು ಎಂಜಿನ್ ಓಡಿಸಿಟ್ಟೇ ಕೈ ಮುಗಿಯುತ್ತೀಯೇನೋ ಅಂತ ಈಗಲೇ ನನಗೆ ಯೋಚನೆ.

ದುಡ್ಡಿನ ಮಾತು ನೀನು ಎತ್ತಿಲ್ಲ, ಅದಕ್ಕೇ ಅನುಮಾನ ಜಾಸ್ತಿ. ಕಾಫಿ ದುಡ್ಡು ಕೈಗೆ ಬರುವುದು ಇನ್ನೂ ತಡ. ಆದರೆ ನಿಮ್ಮಪ್ಪನ 400 ರೂಪಾಯಿ ಆವತ್ತಿನಿಂದ ನನ್ನ ಹತ್ತಿರ ಇದೆ. ಅದಕ್ಕೆ ಇಷ್ಟು ವರ್ಷದ ಬಡ್ಡಿ ಲೆಕ್ಕ ಹಾಕಿ ನಿನ್ನ ಅಕೌಂಟಿಗೆ ಹಾಕುತ್ತೇನೆ. ಚಕ್ರಬಡ್ಡಿ ಹಾಕಬೇಕೋ ಬರೀ ಬಡ್ಡಿ ಸಾಕೋ ಅಂತ ನಿಮ್ಮ ದೊಡ್ಡಮ್ಮನನ್ನು ಕೇಳಬೇಕು. ಕೇಳಿದರೆ ಕಥೆಯೆಲ್ಲ ಹೇಳಬೇಕಾಗುತ್ತದೆ. ಹೇಳುತ್ತೇನೆ.

ಕೊಟ್ಟಿಗೆ ಪಕ್ಕದ ಜಾಗ ಕಳೆದ ವರ್ಷ ಜೆಸಿಬಿ ತರಿಸಿ ಮಟ್ಟ ಮಾಡಿಸಿದ್ದೇನೆ. ನಿನ್ನ ವ್ಯಾನ್ ಧಾರಾಳವಾಗಿ ಹಿಡಿಯುತ್ತದೆ. ಬಂದು ನಿಲ್ಲಿಸಿ ಆಫ್ ಮಾಡು. ಸ್ಟಾರ್ಟ್ ಆಗಲಿಲ್ಲ ಅಂದರೆ ಕುಯ್ಲು ಮುಗಿಯುವವರೆಗೂ ಅಲ್ಲೇ ಇರಲಿ, ಕಣದ ಟಾರ್ಪಾಲಿಗೆ ಇನ್ನೊಂದು ಕೈ ಬೇಕೇ ಬೇಕು.

ಇತಿ,
ನಿನ್ನ ದೊಡ್ಡಪ್ಪ

ತಾ.ಕ.: ಒಂದೇ ಸಲ ಟಕ್ ಅನ್ನುತ್ತೋ, ಟಕಟಕ ಅನ್ನುತ್ತೋ? ಇದಕ್ಕೆ ಮಾತ್ರ ಕಾಗದ ಬರೀಬೇಡ, ಫೋನ್ ಮಾಡು.